ನಾನು ಹಾಕಿದ ಕಾಳು ಯಾರ ಮರಿ ಸಾಕಿತು?

2020ರ ಏಪ್ರಿಲ್, ಲಾಕ್‌ಡೌನ್ ಸಮಯ. ಮೈಸೂರಿನ ನಮ್ಮ ಮನೆ ತಾರಸಿಯಲ್ಲಿ ಒಂದು ಹಳೇ ಮೊರ ಇಟ್ಟು, ಅದರಲ್ಲಿ ಅಕ್ಕಿನುಚ್ಚು ಮತ್ತು ಸಜ್ಜೆ ಹಾಕಲು ಶುರು ಮಾಡಿದೆ. ಆಸೆ ಇದ್ದದ್ದು ಗುಬ್ಬಚ್ಚಿಗಳ ಮೇಲೆ. ಅಜ್ಜಿ ಮನೆಯ ಪಡಸಾಲೆಯಲ್ಲಿ ಭತ್ತದ ತೆನೆಯ ಗೊಂಚಲು ತೂಗುಹಾಕುತ್ತಿದ್ದರು. ಗುಬ್ಬಿಗಳು ಮನೆಯೊಳಗೇ ಬಂದು ಕಾಳು ಬಿಡಿಸಿ ತಿನ್ನುತ್ತಿದ್ದವು. ಅದು ನನ್ನ ಕಣ್ಣಲ್ಲಿ ಹಾಗೇ ಉಳಿದಿತ್ತು.

ಮೊದಲ ವಾರ ಒಂದು ಜೋಡಿ ಗುಬ್ಬಿ, ನಾಲ್ಕೈದು ರಾಟವಾಳ ಬಂದವು. ಎರಡನೇ ವಾರ ಪಾರಿವಾಳ ಬಂದವು. ಮುಂದಿನ ವರ್ಷದ ಹೊತ್ತಿಗೆ ಬೆಳಿಗ್ಗೆ ಆರು ಗಂಟೆಗೇ ಅರವತ್ತು ಎಪ್ಪತ್ತು ಪಾರಿವಾಳ ಸಾಲಾಗಿ ಕೂತು ಕಾಯುತ್ತಿದ್ದವು. ತಿಂಗಳಿಗೆ ಹತ್ತು ಕಿಲೋ ಕಾಳು ಖರ್ಚಾಗುತ್ತಿತ್ತು. ಗುಬ್ಬಿಗಳು ಮೊರದ ಹತ್ತಿರ ಸುಳಿಯುವುದನ್ನೇ ಬಿಟ್ಟಿದ್ದವು.

ಒಂದು ದಿನ ಪಕ್ಕದ ಮನೆಯಾಕೆ ಬಂದು, "ಅಕ್ಕಾ, ಬೇಜಾರು ಮಾಡ್ಕೋಬೇಡಿ. ಒಂದ್ಸಲ ನಮ್ಮ ತಾರಸಿಗೆ ಬಂದು ನೋಡಿ" ಅಂದರು. ಹೋಗಿ ನೋಡಿದೆ. ಅವರ ಸೋಲಾರ್ ಹೀಟರ್ ಕೆಳಗೆ ಮೂರು ಗೂಡು ಇದ್ದವು. ಸುತ್ತ ಗಟ್ಟಿಯಾದ ಹಿಕ್ಕೆ, ಪುಕ್ಕ, ದೂಳು. ಅವರ ಚಿಕ್ಕ ಮಗನಿಗೆ ಮೊದಲಿನಿಂದಲೂ ಉಬ್ಬಸ. ಒಣಗಿದ ಹಿಕ್ಕೆಯ ದೂಳು ಉಸಿರಾಟದ ತೊಂದರೆ ಇರುವವರಿಗೆ ಒಳ್ಳೆಯದಲ್ಲ. ಹಕ್ಕಿಗೆ ಒಳ್ಳೇದು ಮಾಡ್ತೀನಿ ಅಂತ ಹೊರಟು ಒಂದು ಮಗುವಿನ ಎದೆಗೆ ಕಷ್ಟ ಕೊಡುತ್ತಿದ್ದೇನಲ್ಲಾ ಅನ್ನಿಸಿ ಆ ರಾತ್ರಿ ನಿದ್ದೆ ಬರಲಿಲ್ಲ.

ಅದೇ ತಿಂಗಳು ಮೊರದ ಪಕ್ಕ ಒಂದು ಬೆಳವ ಹಕ್ಕಿ ಮುದುಡಿ ಕೂತಿತ್ತು. ಕಾಳು ಕೊಕ್ಕಿಗೆ ತೆಗೆದುಕೊಂಡರೂ ನುಂಗಲು ಆಗುತ್ತಿರಲಿಲ್ಲ. ಬಾಯೊಳಗೆ ಹಳದಿ ಗಿಣ್ಣಿನಂಥ ಗಡ್ಡೆ. ಪಶುವೈದ್ಯರು ನೋಡಿ, ಇದು ಪಾರಿವಾಳಗಳಲ್ಲಿ ಇರುವ ಗಂಟಲಿನ ರೋಗ, ಒಂದೇ ಕಡೆ ತಿಂದು ಕುಡಿದರೆ ಬೇರೆ ಹಕ್ಕಿಗೂ ಹರಡುತ್ತದೆ ಎಂದರು. ಮಾರನೇ ದಿನ ಆ ಹಕ್ಕಿ ಸತ್ತಿತು. ಬ್ರಿಟನ್ನಿನಲ್ಲಿ ಗ್ರೀನ್‌ಫಿಂಚ್ ಎಂಬ ಹಕ್ಕಿ 2005ರಿಂದ ಈಚೆಗೆ ಲಕ್ಷಗಟ್ಟಲೆ ಸತ್ತದ್ದು ಇದೇ ರೋಗದಿಂದ, ಅದು ಹರಡಿದ್ದು ಹೆಚ್ಚಾಗಿ ಮನೆಯಂಗಳದ ಕಾಳಿನ ತಟ್ಟೆಗಳ ಮೂಲಕ ಅಂತ ಆಮೇಲೆ ಓದಿದೆ. ನನ್ನ ಮೊರವನ್ನು ನಾನು ಎಷ್ಟು ದಿನಕ್ಕೊಮ್ಮೆ ತೊಳೆದಿದ್ದೆ? ನೆನಪೇ ಇರಲಿಲ್ಲ.

ಅತ್ತೆ ಹೇಳಿದ ಮಾತು ಆಗ ತಲೆಗೆ ಹೋಯಿತು. "ನಾವು ಕಾಗೆಗೆ ಒಂದು ತುತ್ತು ಇಡ್ತಿದ್ವಿ ಕಣಮ್ಮ. ಸೇರುಗಟ್ಟಲೆ ಸುರೀತಿರ್ಲಿಲ್ಲ."

ಒಂದೇ ದಿನ ನಿಲ್ಲಿಸಲು ಮನಸ್ಸು ಬರಲಿಲ್ಲ. ವಾರಕ್ಕೆ ಅರ್ಧದಂತೆ ಕಡಿಮೆ ಮಾಡುತ್ತಾ ಬಂದೆ. ನಾಲ್ಕನೇ ವಾರ ಪೂರ್ತಿ ನಿಲ್ಲಿಸಿದೆ. ಪಾರಿವಾಳಗಳು ಹತ್ತು ಹದಿನೈದು ದಿನ ಬಂದು ನೋಡಿ ಹೋದವು, ಆಮೇಲೆ ಬರಲಿಲ್ಲ. ಹಸಿದು ಸಾಯುತ್ತವೇನೋ ಎಂಬ ಭಯ ಇತ್ತು. ಹಾಗೇನೂ ಆಗಲಿಲ್ಲ. ನಮ್ಮ ಮನೆ ಅವಕ್ಕೆ ಹತ್ತು ಜಾಗಗಳಲ್ಲಿ ಒಂದು, ಅಷ್ಟೇ.

ಈ ನಡುವೆ ಮೀಟರ್ ಬೋರ್ಡಿನ ಮೇಲೆ ಒಂದು ಮರದ ಪೆಟ್ಟಿಗೆ ಕಟ್ಟಿದ್ದೆ. ತೂತು ಮೂರೂವರೆ ಸೆಂಟಿಮೀಟರ್. ಗುಬ್ಬಿ ಒಳಗೆ ಹೋಗಬಹುದು, ಗೊರವಂಕಕ್ಕೆ ಆಗುವುದಿಲ್ಲ. 2022ರಲ್ಲಿ ಅಲ್ಲಿ ಗುಬ್ಬಿ ಮರಿ ಮಾಡಿತು. ಒಂದು ಬೆಳಿಗ್ಗೆ ಕುರ್ಚಿ ಹಾಕಿಕೊಂಡು ಒಂದು ಗಂಟೆ ಸುಮ್ನೆ ನೋಡಿದೆ. ಅಪ್ಪ ಅಮ್ಮ ಸೇರಿ 17 ಸಲ ಬಂದವು. ನನ್ನ ಕಣ್ಣಿಗೆ ಕಂಡಷ್ಟು ಸಲವೂ ಕೊಕ್ಕಿನಲ್ಲಿ ಇದ್ದದ್ದು ಹುಳ. ಹಸಿರು ಕಂಬಳಿಹುಳ, ಸಣ್ಣ ಮಿಡತೆ, ಒಮ್ಮೆ ಜೇಡ. ನೋಡೋಣ ಅಂತ ಅವತ್ತು ಪಕ್ಕದಲ್ಲೇ ಇಟ್ಟಿದ್ದ ಒಂದು ಹಿಡಿ ನವಣೆಯನ್ನು ತಾವು ತಿಂದವೇ ಹೊರತು ಮರಿಗೆ ಒಯ್ಯಲಿಲ್ಲ.

ಅವತ್ತು ನನಗೆ ಎಲ್ಲಾ ಬಿಡಿಸಿದ ಹಾಗಾಯಿತು. ಗುಬ್ಬಿ ಕಾಳು ತಿನ್ನುವ ಹಕ್ಕಿ ನಿಜ. ಆದರೆ ಅದರ ಎಳೇ ಮರಿಗೆ ಹುಳವೇ ಬೇಕು. ಪಾರಿವಾಳ ಹಾಗಲ್ಲ. ಅದರ ಗಂಟಲ ಚೀಲದಲ್ಲಿ ಹಾಲಿನಂಥದ್ದು ಊರುತ್ತದೆ, ಮರಿಗೆ ಅದನ್ನೇ ಕುಡಿಸುತ್ತದೆ. ಕಾಳು ಸಿಕ್ಕರೆ ಸಾಕು, ವರ್ಷವಿಡೀ ಮರಿ ಮಾಡಬಲ್ಲದು. ನಾನು ಎರಡು ವರ್ಷ ಗುಬ್ಬಿಗೆ ಅಂತ ಹಾಕಿದ ಕಾಳೆಲ್ಲ ಪಾರಿವಾಳದ ಮರಿಗಳಾಗಿ ಹಾರಿಹೋಗಿತ್ತು.

ಅಷ್ಟೇ ಅಲ್ಲ, ಕರಿಬೇವು, ನಿಂಬೆ, ದಾಸವಾಳಕ್ಕೆ ತಿಂಗಳಿಗೊಮ್ಮೆ ಔಷಧಿ ಹೊಡೆಯುತ್ತಿದ್ದೆ! ಮೇಲೆ ಕಾಳು ಹಾಕಿ, ಕೆಳಗೆ ಹುಳ ಕೊಲ್ಲುತ್ತಿದ್ದೆ. ಅದನ್ನು ಅಂದೇ ನಿಲ್ಲಿಸಿದೆ. ನಿಂಬೆ ಎಲೆ ಈಗ ತೂತು ತೂತು. ಇರಲಿ. ಟುವ್ವಿ ಹಕ್ಕಿ ದಿನಾ ಬಂದು ಎಲೆ ಎಲೆ ಹುಡುಕುತ್ತದೆ. ಕರಿಬೇವಿನ ಹಣ್ಣಿಗೆ ಪಿಕಳಾರ ಮತ್ತು ಹೆಣ್ಣು ಕೋಗಿಲೆ, ದಾಸವಾಳಕ್ಕೆ ಸೂರಕ್ಕಿ. ಕಾಂಪೌಂಡಿನ ಮೂಲೆಯಲ್ಲಿ ತಾನಾಗಿ ಹುಟ್ಟಿದ ಗಸಗಸೆ ಹಣ್ಣಿನ ಗಿಡವನ್ನು ಕೀಳದೆ ಬಿಟ್ಟೆ. ಎರಡೇ ವರ್ಷಕ್ಕೆ ಮರವಾಗಿ ಹಣ್ಣು ಬಿಟ್ಟಿತು. ನನ್ನ ಮೊರಕ್ಕೆ ಯಾವತ್ತೂ ಬಾರದ ಕುಟ್ರು ಹಕ್ಕಿ ಅದಕ್ಕೆ ಬರುತ್ತದೆ.

ನೀರಿನ ವಿಷಯಕ್ಕೆ ನಾನು ತುಂಬಾ ಕಟ್ಟುನಿಟ್ಟು. ಎರಡು ಅಗಲವಾದ ಮಣ್ಣಿನ ತಟ್ಟೆ, ಎರಡು ಬೆರಳು ಆಳ ಮಾತ್ರ. ಜಾಸ್ತಿ ಆಳ ಇದ್ದರೆ ಸಣ್ಣ ಹಕ್ಕಿ ಇಳಿಯಲು ಹೆದರುತ್ತದೆ. ನಡುವೆ ಒಂದು ಒರಟು ಕಲ್ಲು. ದಿನಾ ಬೆಳಿಗ್ಗೆ ತೆಂಗಿನ ನಾರಿನಿಂದ ಉಜ್ಜಿ, ಸೋಪು ಮುಟ್ಟಿಸದೆ ತೊಳೆದು ಹೊಸ ನೀರು ಹಾಕುತ್ತೇನೆ. ಹೀಗೆ ಮಾಡಿದರೆ ಸೊಳ್ಳೆ ಮರಿಯೂ ಆಗುವುದಿಲ್ಲ. ವಾರಕ್ಕೆರಡು ಸಲ ತಟ್ಟೆಯನ್ನು ಬಿಸಿಲಲ್ಲಿ ಪೂರ್ತಿ ಒಣಗಿಸುತ್ತೇನೆ. ಬೆಕ್ಕು ಹೊಂಚು ಹಾಕಲು ಜಾಗ ಇರಬಾರದು, ಅದಕ್ಕೇ ಕುಂಡಗಳಿಂದ ದೂರ ಇಟ್ಟಿದ್ದೇನೆ. ಏಪ್ರಿಲ್ ಮೇ ತಿಂಗಳಲ್ಲಿ ಮಧ್ಯಾಹ್ನ ಮಡಿವಾಳ ಹಕ್ಕಿ ಆ ತಟ್ಟೆಯಲ್ಲಿ ಮೈ ತೊಳೆಯುವುದನ್ನು ಒಮ್ಮೆ ನೋಡಬೇಕು!

ಕಾಳು ಈಗ ಮತ್ತೆ ಹಾಕುತ್ತೇನೆ, ಆದರೆ ಬೇರೆ ಥರ. ದಿನಕ್ಕೆ ಒಂದು ಹಿಡಿ ನವಣೆ, ಸುತ್ತ ಎರಡು ಇಂಚು ಕಿಂಡಿಯ ತಂತಿ ಜಾಲರಿ. ಗುಬ್ಬಿ, ರಾಟವಾಳ ನುಸುಳುತ್ತವೆ, ಪಾರಿವಾಳಕ್ಕೆ ಆಗುವುದಿಲ್ಲ. ಸಂಜೆ ಉಳಿದದ್ದನ್ನು ತೆಗೆದುಬಿಡುತ್ತೇನೆ. ಬ್ರೆಡ್ಡು, ಖಾರ, ಉಪ್ಪು ಹಾಕಿದ್ದು ಏನೂ ಇಲ್ಲ. ಪಿತೃಪಕ್ಷದ ಕಾಗೆ ಎಡೆ ಮಾತ್ರ ಅತ್ತೆ ಇಟ್ಟ ಹಾಗೇ ಇದೆ.

ಇದರಿಂದ ಹಕ್ಕಿಗಳಿಗೆ ಉಪಯೋಗ ಇದೆಯಾ ಅಂತ ತುಂಬಾ ಜನ ಕೇಳುತ್ತಾರೆ. ಬೇಸಿಗೆಯ ನೀರಿನಿಂದ ಇದೆ, ಗಿಡಗಳಿಂದ ಖಂಡಿತ ಇದೆ. ಆ ಒಂದು ಹಿಡಿ ಕಾಳಿನಿಂದ ಲಾಭ ಜಾಸ್ತಿ ನನಗೇ. ಹತ್ತಿರದಿಂದ ನೋಡಲು ಸಿಗುತ್ತವಲ್ಲ. ನಿಜವಾಗಿ ಕಷ್ಟದಲ್ಲಿರುವ ಹಕ್ಕಿ ನಮ್ಮ ತಾರಸಿಗೆ ಬರುವುದೇ ಇಲ್ಲ. ಬಳ್ಳಾರಿ ಕಡೆ ಸಿರುಗುಪ್ಪದಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಎರೆಭೂತ ಎಂಬ ದೊಡ್ಡ ಹಕ್ಕಿಗೆ ನಾನು ಕಾಳು ಹಾಕಲು ಆಗುತ್ತದೆಯೇ? ಅದಕ್ಕೆ ಬೇಕಿರುವುದು ಹುಲ್ಲುಗಾವಲು.

ಪ್ರತಿ ಫೆಬ್ರವರಿಯಲ್ಲಿ ಜಗತ್ತಿನಾದ್ಯಂತ ನಡೆಯುವ ಹಿತ್ತಲ ಹಕ್ಕಿ ಎಣಿಕೆಯಲ್ಲಿ 15 ನಿಮಿಷ ಕೂತು ಬರೆದಿಡುತ್ತೇನೆ. ಮೊರ ಇದ್ದ 2021ರಲ್ಲಿ ಐದು ಜಾತಿ ಸಿಕ್ಕಿದ್ದವು. ಈ ವರ್ಷ ಹದಿನಾಲ್ಕು. ಪಕ್ಕದ ಮನೆಯಾಕೆಯೂ ಈ ಸಲ ಮಗನನ್ನು ಕರೆದುಕೊಂಡು ಎಣಿಸಲು ಬಂದಿದ್ದರು. ಹೋಗುವಾಗ ಗಸಗಸೆ ಹಣ್ಣಿನ ಸಸಿ ಕೇಳಿದರು. ನಿಮ್ಮ ಸಂಪಿನ ಹಿಂದೆ ಒಮ್ಮೆ ನೋಡಿ, ಹಣ್ಣು ತಿಂದ ಪಿಕಳಾರ ಅಲ್ಲೇ ಕೂರುತ್ತದೆ ಅಂದೆ. ಎರಡು ಸಸಿ ಇದ್ದವು.