ಅಂಕಣಕ್ಕೆ ಐವರು, ಬೆಂಚಿಗೆ ಏಳು: ಕಾಲೇಜು ಬಾಸ್ಕೆಟ್‌ಬಾಲ್ ತಂಡ ಹಂಚುವುದು ಹೇಗೆ?

ಪಂದ್ಯಕ್ಕೆ ಇನ್ನು ಹತ್ತು ನಿಮಿಷ ಇದೆ ಎನ್ನುವಾಗ ಕೋಚ್ ಸ್ಕೋರರ್ ಮೇಜಿಗೆ ಹೋಗಿ ಸಹಿ ಹಾಕಬೇಕು. ಸ್ಕೋರ್‌ಶೀಟಿನಲ್ಲಿ ಹನ್ನೆರಡು ಹೆಸರು. ಮೊದಲು ಇಳಿಯುವ ಐವರ ಎದುರು ಒಂದೊಂದು ಪುಟ್ಟ ಗುಣಾಕಾರ ಚಿಹ್ನೆ. ಹೆಸರಿನ ಪಟ್ಟಿ 40 ನಿಮಿಷ ಮೊದಲೇ ಮೇಜಿಗೆ ತಲುಪಿರಬೇಕು ಎನ್ನುತ್ತದೆ ಅಂತಾರಾಷ್ಟ್ರೀಯ ಒಕ್ಕೂಟ ಫಿಬಾದ ನಿಯಮ. ನಮ್ಮ ಅಂತರ್ ಕಾಲೇಜು ಪಂದ್ಯಗಳಲ್ಲಿ ಬಸ್ಸು ತಡವಾದರೆ ಅದು ನಾಲ್ಕು ನಿಮಿಷಕ್ಕೂ ಇಳಿಯುವುದುಂಟು, ಅದು ಬೇರೆ ಮಾತು. ಆ ಐದು ಚಿಹ್ನೆ ಹಾಕುವ ಹೊತ್ತಿಗೆ ಮಾತ್ರ, ವಾರ್ಮ್‌ಅಪ್ ಮಾಡುತ್ತಿದ್ದ ಹುಡುಗರೆಲ್ಲ ಲೇಅಪ್ ಹಾಕುತ್ತಲೇ ಓರೆಗಣ್ಣಿನಿಂದ ನಿಮ್ಮ ಪೆನ್ನನ್ನೇ ನೋಡುತ್ತಿರುತ್ತಾರೆ.

ಮಂಗಳೂರಿನ ಒಂದು ಪದವಿ ಕಾಲೇಜಿನಲ್ಲಿ ಸಂಜೆ ಹೊತ್ತು ಹುಡುಗರನ್ನು ಆಡಿಸುತ್ತ ಬಂದ ನನಗೆ ಒಂದು ವಿಷಯ ತಡವಾಗಿ ಹೊಳೆಯಿತು. ಆ ಪೆನ್ನು ಹಿಡಿಯುವ ಮೊದಲೇ ಬೇರೆ ಎರಡು ತೀರ್ಮಾನ ಆಗಿರಬೇಕು: ಪಂದ್ಯ ಮುಗಿಯುವಾಗ ಅಂಕಣದಲ್ಲಿ ಯಾರಿರಬೇಕು, ಬೆಂಚಿನಲ್ಲಿ ಕೂತ ಒಬ್ಬೊಬ್ಬನ ಕೆಲಸ ಏನು. ಇವೆರಡು ಆದರೆ ಮೊದಲ ಐವರ ಹೆಸರು ಮುಕ್ಕಾಲು ಪಾಲು ತಾನಾಗಿಯೇ ಇತ್ಯರ್ಥವಾಗುತ್ತದೆ.

ಮೊದಲು ನಿಮಿಷ, ಆಮೇಲೆ ಹೆಸರು

ಹತ್ತು ನಿಮಿಷದ ನಾಲ್ಕು ಕ್ವಾರ್ಟರ್, ಅಂಕಣದಲ್ಲಿ ಐದು ಜನ. ಅಂದರೆ ಕೋಚ್ ಕೈಯಲ್ಲಿರುವುದು 200 ನಿಮಿಷ. ಒಂದು ಹಾಳೆಯಲ್ಲಿ ಇದನ್ನು ಹಂಚಿ ನೋಡಿ. ಮೊದಲ ಐವರಿಗೆ ತಲಾ 28 ಕೊಟ್ಟರೆ 140 ಆಯಿತು. ಉಳಿದ 60ರಲ್ಲಿ ಆರನೆಯವನಿಗೆ 22, ಏಳನೆಯವನಿಗೆ 16, ಎಂಟನೆಯವನಿಗೆ 12, ಒಂಬತ್ತನೆಯವನಿಗೆ 10. ಅಲ್ಲಿಗೆ ಡಬ್ಬ ಖಾಲಿ. ಹತ್ತು, ಹನ್ನೊಂದು, ಹನ್ನೆರಡನೆಯವರಿಗೆ ಬಿಗಿ ಪಂದ್ಯದಲ್ಲಿ ಏನೂ ಉಳಿಯುವುದಿಲ್ಲ ಎಂಬ ಸತ್ಯ ಕಾಗದದ ಮೇಲೆ ಕಣ್ಣಿಗೆ ಹೊಡೆಯುತ್ತದೆ. ಹನ್ನೆರಡು ಹುಡುಗರಿಗೂ ‘ಚಾನ್ಸ್ ಕೊಡ್ತೇನೆ ನೋಡುವಾ’ ಎಂದು ಬಾಯಿಮಾತಿಗೆ ಹೇಳುವ ಅಭ್ಯಾಸ ನನಗೆ ಬಿಟ್ಟುಹೋದದ್ದು ಈ ಲೆಕ್ಕ ಬರೆಯಲು ಶುರು ಮಾಡಿದ ಮೇಲೆಯೇ.

ಒಂಬತ್ತು ಜನ ಬೇಕಾ, ಏಳು ಸಾಲದಾ ಎಂದು ಕೇಳುವವರಿದ್ದಾರೆ. ಬೆಂಗಳೂರಿನ ಹವೆಯಲ್ಲಿ ಏಳು ಸಾಕಾದೀತು. ಕರಾವಳಿಯ ಅಕ್ಟೋಬರ್ ಸೆಖೆಯಲ್ಲಿ, ತೆರೆದ ಸಿಮೆಂಟ್ ಕೋರ್ಟಿನಲ್ಲಿ, ಬೆಳಗ್ಗೆ ಒಂದು ಪಂದ್ಯ ಆಡಿ ಮಧ್ಯಾಹ್ನ ಇನ್ನೊಂದಕ್ಕೆ ಇಳಿಯಬೇಕಾದರೆ ಜರ್ಸಿಯನ್ನು ಹಿಂಡಿದರೆ ನೀರು ಸುರಿಯುತ್ತದೆ. ಎರಡನೇ ಪಂದ್ಯದ ನಾಲ್ಕನೇ ಕ್ವಾರ್ಟರ್‌ನಲ್ಲಿ ಮೀನಖಂಡ ಹಿಡಿದುಕೊಂಡು ಕೂರುವುದು ಹೆಚ್ಚಾಗಿ ಮೊದಲ ಐವರೇ.

ಮಳೆ ಬಿಡುವ ಮುಂಚೆ ತೀರ್ಪು ಬೇಡ

ಅಡ್ಮಿಷನ್ ಮುಗಿದು ಹೊಸ ಹುಡುಗರು ಬರುವ ಹೊತ್ತಿಗೆ ಇಲ್ಲಿ ಮಳೆ ಹಿಡಿದಿರುತ್ತದೆ. ಕೋರ್ಟಿನ ಮೂಲೆಗಳಲ್ಲಿ ಹಾವಸೆ, ಬಾಲ್ ಒದ್ದೆ. ಒದ್ದೆ ಬಾಲಿನಲ್ಲಿ ಬಾಲ್ ನಡೆಸಿ ಆಟ ಕಟ್ಟುವ ಒಳ್ಳೆಯ ಪಾಯಿಂಟ್ ಗಾರ್ಡ್ ಕೂಡ ದಡ್ಡನಂತೆ ಕಾಣುತ್ತಾನೆ. ಓಡಲು ಬಾರದ ಎತ್ತರದ ಹುಡುಗ, ಎಲ್ಲರೂ ನಿಧಾನ ಓಡುವ ಕಾರಣ, ದೊಡ್ಡ ಆಟಗಾರನಂತೆ ತೋರುತ್ತಾನೆ. ಜುಲೈಯಲ್ಲಿ ಫಿಟ್‌ನೆಸ್ ನೋಡಿ, ಫ್ರೀ ಥ್ರೋ (ಫೌಲ್‌ಗೆ ಪ್ರತಿಯಾಗಿ ಸಿಗುವ, ಯಾರೂ ಅಡ್ಡ ಬಾರದ ಎಸೆತ) ಎಣಿಸಿ, ಸ್ವಭಾವ ಗಮನಿಸಿ. ಪಾತ್ರ ಹಂಚುವುದನ್ನು ಕೋರ್ಟ್ ಒಣಗಿದ ಮೇಲೆ ಮೂರು ವಾರ ಆಡಿಸಿಯೇ ಮಾಡಿ. ಒಳಾಂಗಣ ಕೋರ್ಟ್ ಇರುವ ಕಾಲೇಜಿನವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಬಹುದು, ಪುಣ್ಯವಂತರು.

ಆ ಮೂರು ವಾರ ನಾನು ಮಾಡುವುದು ಇಷ್ಟೇ. ಐದೈದು ನಿಮಿಷದ ಪುಟ್ಟ ಪಂದ್ಯಗಳು. ಪ್ರತಿ ಪಂದ್ಯಕ್ಕೂ ತಂಡ ಕಲಸುವುದು: ನಿನ್ನೆ ಒಟ್ಟಿಗಿದ್ದವರು ಇವತ್ತು ಎದುರು ಬದುರು. ಗಾಯವಾಗಿ ಕೂತ ಹುಡುಗನೊಬ್ಬನ ಕೈಗೆ ನೋಟ್‌ಬುಕ್. ಅವನು ಬರೆಯಬೇಕಾದ್ದು, ಯಾರು ಅಂಕಣದಲ್ಲಿದ್ದಾಗ ಅವನ ತಂಡ ಎಷ್ಟು ಗಳಿಸಿತು, ಎಷ್ಟು ಬಿಟ್ಟುಕೊಟ್ಟಿತು. 14 ಗಳಿಸಿ 9 ಬಿಟ್ಟುಕೊಟ್ಟರೆ ಆ ಐವರಿಗೂ ಪ್ಲಸ್ ಐದು. ಇದಕ್ಕೆ ಪ್ಲಸ್-ಮೈನಸ್ ಎನ್ನುತ್ತಾರೆ. ಒಂದು ದಿನದ ಲೆಕ್ಕಕ್ಕೆ ಕವಡೆ ಕಿಮ್ಮತ್ತಿಲ್ಲ. ಜೊತೆಗಿದ್ದವರ ಪುಣ್ಯ ಪಾಪವೆಲ್ಲ ಅದರಲ್ಲಿ ಸೇರಿರುತ್ತದೆ. ತಂಡ ಕಲಸುತ್ತಾ ಮೂರು ವಾರ ಬರೆದರೆ ಮಾತ್ರ ಒಂದೆರಡು ಹೆಸರು ಮೇಲೆ ತೇಲಿ ಬರುತ್ತವೆ. ಹಾಗೆ ಬರುವವನು ಹಲವು ಸಲ ನೀವು ಲೆಕ್ಕಕ್ಕೇ ಹಿಡಿಯದಿದ್ದ ಹುಡುಗ. ಅವನದು ಅಂಕ ಕಡಿಮೆ, ಆದರೆ ಅವನು ಎದುರಾಳಿಗೆ ಅಡ್ಡ ನಿಂತು ರೀಬೌಂಡ್‌ಗೆ, ಅಂದರೆ ಬುಟ್ಟಿ ತಪ್ಪಿ ಚಿಮ್ಮಿದ ಬಾಲ್ ಹಿಡಿಯಲು, ಜಾಗ ಮಾಡಿಕೊಡುತ್ತಾನೆ, ಬಾಲ್ ಕಳೆದುಹೋದ ಕೂಡಲೇ ತಲೆಗೆ ಕೈ ಹಚ್ಚಿ ನಿಲ್ಲದೆ ಹಿಂದಕ್ಕೆ ಓಡುತ್ತಾನೆ. ಜೊತೆಗೆ ಬಾಯಿಯೂ ಸುಮ್ಮನಿರುವುದಿಲ್ಲ, ಎದುರಾಳಿಯೊಬ್ಬ ದಾರಿಗೆ ಅಡ್ಡ ನಿಂತರೆ ಕೂಗಿ ಎಚ್ಚರಿಸುತ್ತಾನೆ: ‘ಎಡಗಡೆ ಸ್ಕ್ರೀನ್, ಎಡಗಡೆ!’

ಕೊನೆಯಿಂದ ಹಿಂದಕ್ಕೆ

ಈಗ ಕಣ್ಣು ಮುಚ್ಚಿ ಕೊನೆಯ ನಾಲ್ಕು ನಿಮಿಷ ಊಹಿಸಿ. ನೀವು ಎರಡು ಅಂಕ ಮುಂದಿದ್ದೀರಿ. ಒಂದು ಕ್ವಾರ್ಟರ್‌ನಲ್ಲಿ ತಂಡದ ನಾಲ್ಕು ಫೌಲ್ ಆದ ಮೇಲೆ, ಐದನೆಯದರಿಂದ ಎದುರಾಳಿಗೆ ಎರಡೆರಡು ಫ್ರೀ ಥ್ರೋ ಸಿಗುತ್ತವೆ. ಹಿಂದೆ ಬಿದ್ದ ತಂಡ ಆಗ ಬೇಕೆಂದೇ ಫೌಲ್ ಮಾಡಿ ಗಡಿಯಾರ ನಿಲ್ಲಿಸುತ್ತದೆ. ಫೌಲ್ ಮಾಡುವುದು ಯಾರ ಮೇಲೆ? ನಿಮ್ಮಲ್ಲಿ ಫ್ರೀ ಥ್ರೋ ಬಾರದವನ ಮೇಲೆ. ಹಾಗಾಗಿ ಕೊನೆಯ ಐವರನ್ನು ಆರಿಸುವಾಗ ಎತ್ತರಕ್ಕಿಂತ ಮೊದಲು ನೋಡಬೇಕಾದ್ದು ಜುಲೈಯಲ್ಲಿ ಎಣಿಸಿಟ್ಟ ಫ್ರೀ ಥ್ರೋ ಪಟ್ಟಿ. ಇಬ್ಬರು ಮೈಮೇಲೆ ಬಿದ್ದರೂ ಬಾಲ್ ಬಿಡದ ಇಬ್ಬರು ಬೇಕು. ರೀಬೌಂಡ್ ತೆಗೆಯಲು ಒಬ್ಬ. ತನ್ನ ಹೆಸರಿಗೇ ನಾಲ್ಕು ಫೌಲ್ ಆದವನನ್ನು ಅಲ್ಲಿಯ ತನಕ ಕಾಪಾಡಿಟ್ಟಿರಬೇಕು, ಐದಾದರೆ ಅವನು ಹೊರಗೆ.

ಈ ಐವರ ಹೆಸರು ಬರೆದಾದ ಮೇಲೆ, ಇವರಲ್ಲಿ ಒಬ್ಬನನ್ನು ಬೇಕೆಂದೇ ಶುರುವಿಗೆ ಬೆಂಚಿನಲ್ಲಿ ಇಟ್ಟುಕೊಳ್ಳಿ.

ರಾತ್ರಿಯಿಡೀ ಯಕ್ಷಗಾನ ಬಯಲಾಟ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಂಗಸ್ಥಳದಲ್ಲಿ ಕೋಡಂಗಿ, ಬಾಲಗೋಪಾಲರು ಕುಣಿಯುತ್ತಿರುವಾಗ ದೊಡ್ಡ ವೇಷಧಾರಿ ಬಣ್ಣದ ಮನೆಯಾದ ಚೌಕಿಯಲ್ಲಿ ನಿಧಾನಕ್ಕೆ ಬಣ್ಣ ಬರೆಯುತ್ತಿರುತ್ತಾನೆ. ಬಣ್ಣದ ವೇಷ ಅಬ್ಬರಿಸಿಕೊಂಡು ಬರುವುದು ನಡುರಾತ್ರಿ ಕಳೆದ ಮೇಲೆ. ತಡವಾಗಿ ಬಂದ ಎಂದು ಯಾರೂ ಅವನನ್ನು ಸಣ್ಣ ಕಲಾವಿದ ಅನ್ನುವುದಿಲ್ಲ. ಬಾಸ್ಕೆಟ್‌ಬಾಲ್ ಕಾಲಮಿತಿ ಆಟ, ಅಷ್ಟೇ ವ್ಯತ್ಯಾಸ. ಅರ್ಜೆಂಟೀನಾದ ಮನು ಜಿನೋಬಿಲಿ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವರು, ಅಮೆರಿಕದ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡದೊಂದಿಗೆ ಅಲ್ಲಿಯ ವೃತ್ತಿಪರ ಲೀಗ್ ಎನ್‌ಬಿಎಯ ನಾಲ್ಕು ಕಿರೀಟ ಗೆದ್ದವರು. ಅಲ್ಲಿ ಅರ್ಧಕ್ಕಿಂತ ಹೆಚ್ಚು ಪಂದ್ಯಗಳಲ್ಲಿ ಅವರು ಎದ್ದು ಬಂದದ್ದು ಬೆಂಚಿನಿಂದಲೇ. 2008ರಲ್ಲಿ ಅತ್ಯುತ್ತಮ ಆರನೇ ಆಟಗಾರನ ಪ್ರಶಸ್ತಿಯೂ ಸಿಕ್ಕಿತು. ಹುಡುಗರಿಗೆ ಈ ಕತೆ ಹೇಳಿ. ಆದರೆ ಕತೆ ಹೇಳಿದ ಮಾತ್ರಕ್ಕೆ ಅವರು ಒಪ್ಪುತ್ತಾರೆ ಎಂದುಕೊಳ್ಳಬೇಡಿ.

ಬೆಂಚಿನಲ್ಲಿ ಇಡಬೇಕಾದ್ದು ಯಾರನ್ನು? ಬಾಲ್ ಕೈಯಲ್ಲಿದ್ದರೇ ಆಟ ಬರುವ ಇಬ್ಬರಿದ್ದರೆ, ಅವರಲ್ಲಿ ಒಬ್ಬನನ್ನು. ಇಬ್ಬರೂ ಒಟ್ಟಿಗೆ ಇಳಿದರೆ ಒಟ್ಟಿಗೆ ದಣಿಯುತ್ತಾರೆ, ಒಟ್ಟಿಗೆ ಹೊರಗೆ ಕೂರುತ್ತಾರೆ. ಆ ಆರೇಳು ನಿಮಿಷ ನಿಮ್ಮ ಬುಟ್ಟಿಗೆ ಏನೂ ಬೀಳುವುದಿಲ್ಲ. ಎತ್ತರದ ಇಬ್ಬರಿಗೂ ಇದೇ ಮಾತು. ಇದನ್ನು ನಾನು ಕಲಿತದ್ದು ಒಂದು ಕ್ವಾರ್ಟರ್ ಫೈನಲ್ ಕಳೆದುಕೊಂಡು. ಉದ್ದದ ಇಬ್ಬರನ್ನೂ ಮೊದಲಿಗೇ ಇಳಿಸಿದ್ದೆ, ನೋಡಲಿಕ್ಕೆ ಭರ್ಜರಿ ತಂಡ. ಆರನೇ ನಿಮಿಷಕ್ಕೆ ಇಬ್ಬರಿಗೂ ಎರಡೆರಡು ಫೌಲ್. ಮೂರನೇ ಉದ್ದದ ಹುಡುಗನ ಕಡೆ ತಿರುಗಿದರೆ ಅವನು ಶೂ ಲೇಸ್ ಸಡಿಲ ಮಾಡಿ ಆರಾಮವಾಗಿ ಕೂತಿದ್ದ. ಇವತ್ತು ನಿನ್ನ ಅಗತ್ಯ ಬೀಳಬಹುದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವನು ನಾನು.

ಬೆಂಚಿಗೂ ಉದ್ಯೋಗ

‘ರೆಡಿ ಇರು’ ಎನ್ನುವುದು ಕೆಲಸವಲ್ಲ. ಆರರಿಂದ ಒಂಬತ್ತನೆಯವರ ತನಕ ಒಬ್ಬೊಬ್ಬನಿಗೂ ಒಂದೇ ವಾಕ್ಯದಲ್ಲಿ ಕೆಲಸ ಬರೆದುಕೊಡಿ. ಆಟ ಮಂದವಾದರೆ ಇಳಿದು ಬುಟ್ಟಿಯತ್ತ ನುಗ್ಗುವವನು ಆರನೆಯವನು. ಎದುರು ತಂಡದ ಮುಖ್ಯ ಶೂಟರ್‌ಗೆ ಅಂಟಿಕೊಳ್ಳುವುದು ಏಳನೆಯವನ ಪಾಲು. ಅವನು ಬುಟ್ಟಿಗೆ ಒಂದೂ ಹಾಕದಿದ್ದರೆ ಅಡ್ಡಿಯಿಲ್ಲ. ಎಂಟನೆಯವನು ಪಾಯಿಂಟ್ ಗಾರ್ಡ್ ಉಸಿರು ತೆಗೆದುಕೊಳ್ಳುವ ಮೂರು ಮೂರು ನಿಮಿಷ ಬಾಲ್ ಕಳೆಯದೆ ಆಚೆ ದಾಟಿಸಬೇಕು. ಒಂಬತ್ತನೆಯವನು ಎತ್ತರದವರ ಫೌಲ್ ಎಣಿಸುತ್ತಾ ಕೂರಬೇಕು, ಎರಡಾದ ಕೂಡಲೇ ಟ್ರ್ಯಾಕ್ ಪ್ಯಾಂಟ್ ಬಿಚ್ಚಬೇಕು.

ಉಳಿದ ಮೂವರಿಗೆ ಪಂದ್ಯದಲ್ಲಿ ನಿಮಿಷ ಇಲ್ಲವೆಂದು ನೇರ ಹೇಳಿ. ಅಭ್ಯಾಸದಲ್ಲಿ ಅವರೇ ಎದುರಾಳಿ ತಂಡ. ಮುಂದಿನ ಕಾಲೇಜು ಆಡುವ ಝೋನನ್ನು, ಅಂದರೆ ಒಬ್ಬೊಬ್ಬ ಒಂದೊಂದು ಜಾಗ ಕಾಯುವ ರಕ್ಷಣೆಯನ್ನು, ಅವರು ಕಲಿತು ಆಡಿದರೆ ಮಾತ್ರ ಉಳಿದವರಿಗೆ ಅದನ್ನು ಒಡೆಯಲು ಅಭ್ಯಾಸವಾಗುತ್ತದೆ. ಇಪ್ಪತ್ತು ಅಂಕ ಮುಂದಿರುವಾಗ ಅವರನ್ನು ಇಳಿಸಲು ಮರೆಯಬೇಡಿ. ಮರೆಯುವವರು ಬಹಳ ಜನ, ಸ್ಕೋರ್ ಏರುವ ಖುಷಿಯಲ್ಲಿ.

ಮುಖ ನೋಡಿ ಹೇಳುವುದು

ನಾನು ವಿದ್ಯಾರ್ಥಿಯಾಗಿದ್ದಾಗ, ಮೊದಲ ಐವರಲ್ಲಿ ನನ್ನ ಹೆಸರಿಲ್ಲ ಎಂದು ಗೊತ್ತಾದದ್ದು ಜರ್ಸಿಯನ್ನು ಶಾರ್ಟ್ಸ್ ಒಳಗೆ ಸಿಕ್ಕಿಸಿಕೊಂಡು ಅಂಕಣದ ಗೆರೆ ದಾಟಿ ನಿಂತ ಮೇಲೆ. ‘ನೀನಲ್ಲ, ನೀನಲ್ಲ’ ಎಂದು ಯಾರೋ ಕೈಸನ್ನೆ ಮಾಡಿದರು. ಗೆರೆಯಿಂದ ಬೆಂಚಿಗೆ ಹದಿನೈದು ಹೆಜ್ಜೆ ಇದ್ದಿರಬಹುದು. ಇವತ್ತಿಗೂ ನೆನಪುಂಟು. ಈಗ ಇದೇ ಕೆಲಸವನ್ನು ಹಿಂದಿನ ರಾತ್ರಿ ವಾಟ್ಸ್ಆಪ್ ಗ್ರೂಪು ಮಾಡುತ್ತದೆ. ಪಟ್ಟಿ ಗ್ರೂಪಿಗೆ ಹೋಗುವ ಮೊದಲು, ಪಾತ್ರ ಬದಲಾದ ಪ್ರತಿಯೊಬ್ಬನನ್ನೂ ಬೇರೆಯಾಗಿ ಕೂರಿಸಿ ಹೇಳಿ. ಕನಿಷ್ಠ ಎರಡು ದಿನ ಮೊದಲು.

ಅಂತಿಮ ವರ್ಷದ ಒಬ್ಬ ಹುಡುಗನಿಗೆ ಹೇಳಬೇಕಾದ ಸಂಜೆ, ಅಭ್ಯಾಸ ಮುಗಿದ ಮೇಲೆ ಕೋರ್ಟ್ ಬದಿಯ ಕಟ್ಟೆಯಲ್ಲಿ ಕೂತೆವು. ಅವನು ಬೆರಳಿನ ಬಿಳಿ ಟೇಪನ್ನು ಬಿಚ್ಚುತ್ತಾ, ಮತ್ತೆ ಸುತ್ತುತ್ತಾ ಇದ್ದ.

“ಶನಿವಾರ ನೀನು ಶುರುವಿಗೆ ಇಳಿಯುದಿಲ್ಲ. ಫಸ್ಟ್ ಕ್ವಾರ್ಟರ್ ನಾಲ್ಕು ನಿಮಿಷ ಇರುವಾಗ ಇಳಿ. ಲಾಸ್ಟಿಗೆ ನೀನೇ ಇರ್ತಿ.”

“ನನ್ನದೆಂತ ತಪ್ಪು ಸರ್?”

“ತಪ್ಪಲ್ಲ ಮಾರಾಯ. ನೀನೂ ಕ್ಯಾಪ್ಟನ್ನೂ ಒಟ್ಟಿಗೆ ಹೊರಗೆ ಕೂತ್ರೆ ಬಾಸ್ಕೆಟ್ ಹಾಕುವವರು ಯಾರು? ನೋಟ್‌ಬುಕ್ ನೋಡು ಬೇಕಾದ್ರೆ.”

ನೋಡಿದ. ಪುಟ ತಿರುಗಿಸಿದ. ಆಮೇಲೆ, “ಅಮ್ಮ ಬರ್ತಾರೆ ಸರ್ ನೋಡ್ಲಿಕ್ಕೆ. ಹೆಸರು ಕರೆಯುವಾಗ ನಾನಿರುದಿಲ್ಲ ಅಂತ ಹೇಗೆ ಹೇಳುದು?”

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಸುಮ್ಮನಿದ್ದೆ. ಬೈಕ್ ಸ್ಟಾರ್ಟ್ ಮಾಡಿದವನು ಆಫ್ ಮಾಡಿ ವಾಪಸ್ ಬಂದ. “ನಾಲ್ಕು ನಿಮಿಷ ಅಂದ್ರೆ ನಾಲ್ಕೇ ಅಲ್ವಾ ಸರ್?”

ನಾಲ್ಕೇ ಆಗಬೇಕು. ನಿಮಿಷದ ಮಾತು ಕೊಟ್ಟ ಮೇಲೆ ಅದನ್ನು ಉಳಿಸಿಕೊಳ್ಳಲು ನಿಯಮ ಗೊತ್ತಿರಬೇಕು. ಬದಲಿ ಆಟಗಾರ ತಾನೇ ಸ್ಕೋರರ್ ಮೇಜಿಗೆ ಹೋಗಿ ಕೇಳಬೇಕು, ಬಾಲ್ ಡೆಡ್ ಆಗಿ ಗಡಿಯಾರ ನಿಂತಾಗಲೇ ಒಳಗೆ ಬಿಡುತ್ತಾರೆ. ಬಾಸ್ಕೆಟ್ ಬಿತ್ತೆಂದು ಗಡಿಯಾರ ನಿಲ್ಲುವುದಿಲ್ಲ, ನಾಲ್ಕನೇ ಕ್ವಾರ್ಟರಿನ ಕೊನೆಯ ಎರಡು ನಿಮಿಷ ಬಿಟ್ಟರೆ. ಫೌಲೂ ಇಲ್ಲ, ಬಾಲ್ ಗೆರೆಯಾಚೆ ಹೋಗುವುದೂ ಇಲ್ಲ ಎಂದು ಆಟ ಒಂದೂವರೆ ನಿಮಿಷ ಹರಿದರೆ ಹುಡುಗ ಮೇಜಿನ ಬಳಿಯೇ ಉಗುರು ಕಚ್ಚುತ್ತಾ ನಿಲ್ಲಬೇಕು. ನಾಲ್ಕಕ್ಕೆ ಇಳಿಸಬೇಕೆಂದರೆ ಐದಕ್ಕೇ ಎಬ್ಬಿಸಿ ಕಳಿಸಿ. ಟೈಮ್‌ಔಟ್ ತೆಗೆದು ಬದಲಿಸುವ ಚಾಳಿ ಬೇಡ. ಮೊದಲರ್ಧಕ್ಕೆ ಇರುವುದೇ ಎರಡು, ದ್ವಿತೀಯಾರ್ಧಕ್ಕೆ ಮೂರು.

ಪಟ್ಟಿ ಬದಲಿಸುವುದು ಯಾವಾಗ

ಒಂದು ಕೆಟ್ಟ ಪಂದ್ಯಕ್ಕೆ ಬದಲಿಸಬೇಡಿ. ಗೆದ್ದ ತಂಡವನ್ನು ಮುಟ್ಟಬಾರದು ಎಂಬುದೂ ಮೂಢನಂಬಿಕೆಯೇ. ನಾನು ಎರಡು ವಾರಕ್ಕೊಮ್ಮೆ ನೋಟ್‌ಬುಕ್ ತೆರೆಯುತ್ತೇನೆ. ಇಂಟರ್ನಲ್ ಪರೀಕ್ಷೆ, ಹಾಜರಾತಿ ಕೊರತೆ, ಕಾಲು ಉಳುಕು ಬಂದರೆ ಮಧ್ಯದಲ್ಲೂ. ಅಭ್ಯಾಸ ತಪ್ಪಿಸಿದವನ ಮೊದಲ ಐದು ನಿಮಿಷ ಕತ್ತರಿಸುವ ನಿಯಮ ಇಟ್ಟರೆ ಅದು ಕ್ಯಾಪ್ಟನ್‌ಗೂ ಅನ್ವಯಿಸಬೇಕು. ಒಮ್ಮೆ ಕ್ಯಾಪ್ಟನ್‌ಗೆ ಬಿಟ್ಟುಕೊಟ್ಟೆ. ಮರುವಾರ ಅಭ್ಯಾಸಕ್ಕೆ ಬಂದವರು ಏಳೇ ಜನ.

ಹುಡುಗಿಯರ ತಂಡಕ್ಕೆ ಹಲವು ಕಾಲೇಜುಗಳಲ್ಲಿ ಹನ್ನೆರಡು ಜನ ಸಿಗುವುದೇ ಕಷ್ಟ. ಎಂಟೇ ಜನ ಇದ್ದರೆ ಮೇಲಿನ ಲೆಕ್ಕ ಬೇರೆಯಾಗುತ್ತದೆ. ಐವರಿಗೆ 30ರಂತೆ 150, ಉಳಿದ ಮೂವರಿಗೆ 20, 16, 14. ಇಂಥ ತಂಡದಲ್ಲಿ ಫೌಲೇ ದೊಡ್ಡ ಶತ್ರು. ಇಬ್ಬರು ಐದು ಫೌಲ್ ಆಗಿ ಹೋಗಿ ಒಬ್ಬಳ ಕಾಲು ಉಳುಕಿತೆಂದರೆ ಬದಲಿಗೆ ಯಾರೂ ಇಲ್ಲ. ಹಾಗಾಗಿ ಒಬ್ಬೊಬ್ಬಳು ಒಬ್ಬೊಬ್ಬ ಎದುರಾಳಿಗೆ ಅಂಟಿಕೊಳ್ಳುವ ಮ್ಯಾನ್ ಟು ಮ್ಯಾನ್ ಕಡಿಮೆ ಮಾಡಿ ಝೋನ್ ಆಡಿಸಿ, ಎಂಟೂ ಹುಡುಗಿಯರಿಗೆ ಎರಡೆರಡು ಜಾಗದ ಆಟ ಕಲಿಸಿ. ಎರಡನೇ ಫೌಲ್ ಮೊದಲ ಕ್ವಾರ್ಟರ್‌ನಲ್ಲೇ ಬಿದ್ದವಳನ್ನು ಅರ್ಧವಿರಾಮದ ತನಕ ಕೂರಿಸಿ, ಅವಳು ಎಷ್ಟೇ ಸಿಟ್ಟು ಮಾಡಿಕೊಂಡರೂ.