ಕನ್ನಡ ಪ್ಯಾರಾಗಳಿಗೆ ಎಫ್‌ಎಂಟಿ ಕಮಾಂಡ್: ನನ್ನ ಅನುಭವ

ಸಕಲೇಶಪುರ, ಬೇಲೂರು, ಅರಸೀಕೆರೆ ಕಡೆಯ ಹಿರಿಯರು ಬರೆದ ಊರಿನ ನೆನಪುಗಳನ್ನು ಹಾಸನದಲ್ಲಿ ಕೂತು ಒಂದು ಸ್ಮರಣ ಸಂಚಿಕೆಗೆ ಜೋಡಿಸುತ್ತಿದ್ದೇನೆ. ಬರಹಗಳೆಲ್ಲ ವಾಟ್ಸಾಪ್‌ನಲ್ಲೇ ಬರುತ್ತವೆ. ಒಬ್ಬರು ಎರಡು ಪದಕ್ಕೊಮ್ಮೆ ಎಂಟರ್ ಒತ್ತಿರುತ್ತಾರೆ, ಇನ್ನೊಬ್ಬರದು ಇಡೀ ಪ್ಯಾರಾ ಒಂದೇ ಸಾಲು. ಇದನ್ನು ಕೈಯಲ್ಲಿ ಸರಿಮಾಡುತ್ತಾ ಕೂರುವುದು ಬೇಡ ಅಂತ, ಪ್ಯಾರಾದ ಸಾಲುಗಳನ್ನು ಒಂದೇ ಅಳತೆಗೆ ಜೋಡಿಸಿಕೊಡುವ ಲಿನಕ್ಸ್‌ನ ಎಫ್‌ಎಂಟಿ (fmt) ಕಮಾಂಡ್ ಹಿಡಿದೆ.

ಖಾಲಿ ಸಾಲು ಸಿಕ್ಕರೆ ಅಲ್ಲಿಗೆ ಪ್ಯಾರಾ ಮುಗಿಯಿತು ಅನ್ನುವುದು ಅದರ ಲೆಕ್ಕ. ನಡುವಿನ ಸಾಲುಗಳನ್ನು ಸೇರಿಸಿ ಮತ್ತೆ ಒಂದು ಅಳತೆಗೆ ಮುರಿಯುತ್ತದೆ. ಸುಮ್ನೆ ಹಿಡಿದಷ್ಟು ತುಂಬಿ ಮುರಿಯುವುದಿಲ್ಲ. 1981ರಲ್ಲಿ ಕಂಪ್ಯೂಟರ್ ವಿಜ್ಞಾನಿಗಳಾದ ಡೊನಾಲ್ಡ್ ಕನೂತ್ ಮತ್ತು ಮೈಕೆಲ್ ಪ್ಲಾಸ್ ವಿವರಿಸಿದ ವಿಧಾನದ ಜಾಡಿನಲ್ಲೇ ಇಡೀ ಪ್ಯಾರಾವನ್ನು ನೋಡಿ, ಎಲ್ಲಿ ಮುರಿದರೆ ಸಾಲುಗಳು ಸಮನಾಗಿ ಕಾಣುತ್ತವೆ ಅಂತ ಲೆಕ್ಕ ಹಾಕುತ್ತದೆ. ಇಷ್ಟು ಚಿಕ್ಕ ಕಮಾಂಡ್‌ನಲ್ಲಿ ಅಷ್ಟು ಕಾಳಜಿ ಇದೆ ಅನ್ನುವುದು ನನಗೆ ಬಹಳ ಇಷ್ಟ.

ಕನ್ನಡಕ್ಕೆ ಮಾತ್ರ ಒಂದು ವಿಷಯ ಗಮನಿಸಲೇಬೇಕು. ನಾವು ಅಗಲ ಹೇಳದಿದ್ದರೆ ಅದು 75 ಅಂತ ಇಟ್ಟುಕೊಳ್ಳುತ್ತದೆ, ಆಗ ಕನ್ನಡದ ಸಾಲು ಮೂರು ನಾಲ್ಕು ಪದಕ್ಕೇ ಮುರಿಯುತ್ತದೆ. ಅದು ಎಣಿಸುವುದು ಬೈಟ್‌ಗಳನ್ನು, ಅಂದರೆ ಕಂಪ್ಯೂಟರಿನ ಸಂಗ್ರಹದ ಚಿಕ್ಕ ಅಳತೆಗಳನ್ನು, ಅಕ್ಷರಗಳನ್ನಲ್ಲ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಗುರುತಿಗೂ 3 ಬೈಟ್, ಮತ್ತೆ ಗುಣಿತದ ಗುರುತು, ಒತ್ತಿಗೆ ಬೇಕಾದ ಹಲಂತ ಎಲ್ಲವೂ ಬೇರೆ ಬೇರೆ ಲೆಕ್ಕ. ಚಿಕ್ಕಮಗಳೂರು ಅಂತ ಬರೆದರೆ ನಮ್ಮ ಕಣ್ಣಿಗೆ 6 ಅಕ್ಷರ, ಕಂಪ್ಯೂಟರಿಗೆ 11 ಗುರುತು, 33 ಬೈಟ್! ಎಣಿಸಿ ಹೇಳುವ ಡಬ್ಲ್ಯೂಸಿ (wc) ಕಮಾಂಡ್‌ಗೆ ಮೈನಸ್ ಸಿ (-c) ಕೊಟ್ಟರೆ ಬೈಟ್, ಮೈನಸ್ ಎಂ (-m) ಕೊಟ್ಟರೆ ಗುರುತುಗಳ ಲೆಕ್ಕ ಸಿಗುತ್ತದೆ, ನೀವೇ ನೋಡಬಹುದು.

ಹಾಗಾಗಿ ನಾನು ಎಫ್‌ಎಂಟಿಗೆ ಅಗಲ ಹೇಳುವ ಮೈನಸ್ ಡಬ್ಲ್ಯೂ (-w) ಜೊತೆ 200 ಕೊಡುತ್ತೇನೆ. ಓದಲು ಹದವಾದ ಸಾಲು ಬರುತ್ತದೆ. ನಡುವೆ ಇಂಗ್ಲಿಷ್ ಪ್ಯಾರಾ ಇದ್ದರೆ ಅದು ತೀರಾ ಉದ್ದವಾಗುತ್ತದೆ, ಅದನ್ನು ಬೇರೆ ಫೈಲ್‌ನಲ್ಲಿಟ್ಟು 75ಕ್ಕೇ ಓಡಿಸುತ್ತೇನೆ.

ಹಿರಿಯರ ಬರಹದಲ್ಲಿ ಸೋಬಾನೆ ಪದಗಳು ಜಾಸ್ತಿ. ಅವನ್ನು ಹಾಗೇ ಕೊಟ್ಟರೆ ಹಾಡಿನ ಸಾಲುಗಳೆಲ್ಲ ಒಂದಾಗಿ ಗದ್ಯವಾಗುತ್ತವೆ, ಹಾಡಿದವರ ಉಸಿರೇ ಹೋಗುತ್ತದೆ ಅಲ್ವಾ? ಅಂಥ ಭಾಗಕ್ಕೆ ಮೈನಸ್ ಎಸ್ (-s) ಸೇರಿಸಬೇಕು. ಆಗ ಉದ್ದ ಸಾಲನ್ನು ಮುರಿಯುತ್ತದೆ, ಚಿಕ್ಕ ಸಾಲುಗಳನ್ನು ಸೇರಿಸುವುದಿಲ್ಲ.

ಇನ್ನೊಂದು, ಫಲಿತಾಂಶವನ್ನು ಯಾವಾಗಲೂ ಹೊಸ ಹೆಸರಿನ ಫೈಲ್‌ಗೇ ಕಳಿಸಿ. ಫಲಿತಾಂಶವನ್ನು ಫೈಲ್‌ಗೆ ಕಳಿಸುವ ಬಾಣದ ಗುರುತು (>) ಹಾಕಿ ಅದೇ ಫೈಲ್‌ನ ಹೆಸರು ಕೊಟ್ಟರೆ, ಎಫ್‌ಎಂಟಿ ಓದಲು ಶುರುಮಾಡುವ ಮೊದಲೇ ಶೆಲ್ (ನಾವು ಕಮಾಂಡ್ ಟೈಪ್ ಮಾಡಿದ್ದನ್ನು ನಡೆಸುವ ಪ್ರೋಗ್ರಾಮ್) ಆ ಫೈಲನ್ನು ಖಾಲಿ ಮಾಡಿಬಿಡುತ್ತದೆ.