ಮನೇಲೇ ಸುಣ್ಣ ಕಲಸಿ ಗೋಡೆಗೆ ಹೊಡೆಯೋದು ಹೇಗೆ

ಸುಣ್ಣ ಹೊಡೆದ್ರೆ ಒರಗಿದ ಬಟ್ಟೆಗೆಲ್ಲ ಬಿಳಿ ಮೆತ್ಕೊಳ್ಳುತ್ತೆ, ಒಂದು ಮಳೆಗಾಲಕ್ಕೇ ಚಕ್ಕೆ ಏಳುತ್ತೆ ಅಂತ ಸಾವಿರಗಟ್ಟಲೆ ಕೊಟ್ಟು ಎಮಲ್ಷನ್ ಡಬ್ಬ ತರೋರು ಜಾಸ್ತಿ ಆಗಿದ್ದಾರೆ. ತಪ್ಪು ಸುಣ್ಣದ್ದಲ್ಲ, ಕಲಸಿದ್ದರದ್ದು. ಸರಿಯಾಗಿ ಹೊಡೆದ ಸುಣ್ಣ ಗಾಳಿಯಲ್ಲಿರೋ ಕಾರ್ಬನ್ ಡೈಆಕ್ಸೈಡ್ ಎಳ್ಕೊಂಡು ಮತ್ತೆ ಕಲ್ಲಾಗಿ ಗೋಡೆಗೆ ಕಚ್ಕೊಳ್ಳುತ್ತೆ.

ಮಣ್ಣಿನ ಗೋಡೆ, ಗಾರೆ, ಬಣ್ಣ ಕಾಣದ ಸಿಮೆಂಟ್ ಗೋಡೆ ಆದ್ರೆ ಸರಿ. ಪೇಂಟ್ ಹೊಡೆದ ಗೋಡೆ ಮೇಲೆ ನಿಲ್ಲಲ್ಲ, ಪೂರ್ತಿ ಕೆರೆದು ತೆಗೀರಿ.

ಸುಟ್ಟ ಸುಣ್ಣದ ಕಲ್ಲನ್ನೇ ತನ್ನಿ, ಕರಾವಳಿ ಕಡೆ ಆದ್ರೆ ಚಿಪ್ಪಿನ ಸುಣ್ಣ. ಪ್ಯಾಕೆಟ್ ಪುಡಿ ಎಷ್ಟೋ ಸಲ ಅಂಗಡೀಲೇ ಗಾಳಿ ಕುಡಿದು ಸತ್ತಿರುತ್ತೆ. ಚಿಟಿಕೆ ಪುಡಿಗೆ ನಿಂಬೆರಸ ಹಿಂಡಿ, ಭರ್ರನೆ ನೊರೆ ಬಂದ್ರೆ ಅದು ಬರೀ ಸೀಮೆಸುಣ್ಣ ಇದ್ದ ಹಾಗೆ, ವಾಪಸ್ ಕೊಡಿ.

ಇನ್ನು ಸುಣ್ಣ ಅರಳಿಸೋದು, ಅಂದ್ರೆ ಸುಟ್ಟ ಕಲ್ಲನ್ನ ನೀರಿಗೆ ಹಾಕಿ ಕರಗಿಸೋದು, ಇಲ್ಲೇ ಜನ ಕೈ ಸುಟ್ಕೊಳ್ಳೋದು. ಕಲ್ಲಿನ ರಾಶಿ ಮೇಲೆ ಚೊಂಬಲ್ಲಿ ನೀರು ಸುರೀಬೇಡಿ, ಕೊತಕೊತ ಕುದ್ದು ಮುಖಕ್ಕೇ ಸಿಡಿಯುತ್ತೆ. ಮೊದಲು ಪಾತ್ರೇಲಿ ನೀರು, ಆಮೇಲೆ ಒಂದೊಂದೇ ಕಲ್ಲು, ಒಂದು ತಣ್ಣಗಾದ ಮೇಲೆ ಇನ್ನೊಂದು. ಕೆಜಿಗೆ ಸುಮಾರು 5 ಲೀಟರ್ ನೀರು ಬೇಕು. ಪ್ಲಾಸ್ಟಿಕ್ ಬಕೆಟ್ ಮೆತ್ತಗಾಗಿ ಸೀಳುತ್ತೆ, ಅಲ್ಯೂಮಿನಿಯಂ ಪಾತ್ರೇನ ಸುಣ್ಣ ತಿನ್ನುತ್ತೆ, ಹಳೇ ಕಬ್ಬಿಣದ ಡ್ರಮ್ಮೇ ವಾಸಿ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸು ಇರ್ಲೇಬೇಕು, ಮಕ್ಕಳು ಹತ್ರ ಸುಳೀಬಾರ್ದು. ಕಣ್ಣಿಗೆ ಹಾರಿದ್ರೆ ಉಜ್ಜದೆ 20 ನಿಮಿಷ ನೀರು ಬಿಟ್ಟು ತೊಳೆದು ಸೀದಾ ಡಾಕ್ಟ್ರ ಹತ್ರ ಹೋಗಿ. ಉದ್ದ ಕೋಲಲ್ಲಿ ಕಲಕಿ ಒಂದು ದಿನವಾದ್ರೂ ಬಿಡಿ, ವಾರ ಬಿಟ್ರೆ ಇನ್ನೂ ನುಣುಪು. ಆಮೇಲೆ ಹಳೇ ಪಂಚೇಲಿ ಸೋಸಿ, ಅರಳದೆ ಉಳಿದ ಹರಳು ಗೋಡೆ ಮೇಲೆ ಅರಳಿದ್ರೆ ಅಲ್ಲಲ್ಲಿ ಪುಟಿದು ಗುಳಿ ಬೀಳುತ್ತೆ.

ಬಿಸಿನೀರಲ್ಲಿ ಕರಗಿಸಿದ ಗೋಂದು, ಒಂದಿಷ್ಟು ಕಲ್ಲುಪ್ಪು, ಬಟ್ಟೆಗೆ ಹಾಕೋ ನೀಲಿ ಚೂರು ಸೇರ್ಸಿ. ಫೆವಿಕಾಲ್ ಹಾಕೋರಿದ್ದಾರೆ, ನನಗಂತೂ ಒಪ್ಪಿಗೆ ಇಲ್ಲ, ಗೋಡೆ ಉಸಿರಾಡ್ಲಿ ಅಂತಾನೇ ತಾನೆ ಸುಣ್ಣ ಹೊಡೆಯೋದು. ಹಳದಿ ಬಣ್ಣ ಬರ್ಲಿ ಅಂತ ಅರಿಶಿನ ಹಾಕಿದ್ರೆ ಓಕುಳಿ ಥರ ಕೆಂಪಾಗುತ್ತೆ, ಬಿಸಿಲಿಗೆ ಅದೂ ಹೋಗುತ್ತೆ. ಮಣ್ಣಿನ ಬಣ್ಣಗಳೇ ಸುಣ್ಣಕ್ಕೆ ತಡ್ಕೊಳ್ಳೋದು.

ಹೊಡೆಯೋ ಮುಂಚೆ ಗೋಡೆಗೆ ನೀರು ಚಿಮುಕಿಸಿ. ಒಣ ಗೋಡೆ ನೀರೆಲ್ಲ ಕುಡಿದ್ಬಿಡುತ್ತೆ, ಸುಣ್ಣ ಕಲ್ಲಾಗೋ ಮುಂಚೆನೇ ಒಣಗಿ ಪುಡಿಯಾಗುತ್ತೆ. ಒಂದೇ ಕೋಟಲ್ಲಿ ಮುಗಿಸೋಣ ಅಂತ ದಪ್ಪಗೆ ಕಲಸೋದೇ ಚಕ್ಕೆ ಏಳೋಕೆ ಕಾರಣ. ಹಾಲಿನಷ್ಟು ತೆಳ್ಳಗಿರ್ಲಿ. ಹೊಡೆದಾಗ ಗೋಡೆ ಹಾಗೇ ಕಾಣುತ್ತೆ, ಗಾಬರಿಯಾಗಿ ಮೇಲೆ ಮೇಲೆ ಬಳೀಬೇಡಿ, ಒಣಗ್ತಾ ಒಣಗ್ತಾ ಬೆಳ್ಳಗಾಗುತ್ತೆ. ದಿನಕ್ಕೊಂದರಂತೆ 3 ಕೋಟು, ಒಂದು ಅಡ್ಡ ಆದ್ರೆ ಇನ್ನೊಂದು ಉದ್ದ, ಪ್ರತಿ ಕೋಟಿಗೂ ಮುಂಚೆ ನೀರು. ಸುಡುಬಿಸಿಲಲ್ಲಿ ಬೇಡ. ರೋಲರ್ ಬೇಡ, ನಾರಿನ ಕುಂಚ ಸಾಕು.

ಗೋಡೆ ಕೆಳಗಡೆ ಎಳೆಯೋ ಕೆಂಪು ಪಟ್ಟೆಗೆ, ಅಂದ್ರೆ ಕಾರಣೆಗೆ, ಕೆಮ್ಮಣ್ಣು ನೆನೆಸಿ ಸೋಸಿ ಗಂಜಿ ಬೆರೆಸಿ ಎಳೀರಿ.

ಗೋಂದು ಹಾಕದ ಸುಣ್ಣ ಉಳಿದ್ರೆ ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಮುಚ್ಚಿಡಿ, ಮುಂದಿನ ದೀಪಾವಳಿಗೂ ಆಗುತ್ತೆ.